ಆಸ್ಪತ್ರೆಗೆ ದಾಖಲಾಗದೆ ಕುಡಿತ ಬಿಡಿಸುವ ಮಾತ್ರೆ: ಯಾವುದು?

ಬೈತಖೋಲದವಳು:
ನಮ್ಮವರು ಟ್ರಾಲರ್ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಬೋಟು ದಡ ಸೇರಿತೆಂದರೆ ಇವರ ಕುಡಿತ ಹಗಲಿಗೂ ಹಬ್ಬುತ್ತದೆ. ಈ ಸಲ ತಾವೇ ಬಿಡುತ್ತೇನೆ ಎಂದಿದ್ದಾರೆ. ವೈದ್ಯರು ಡೈಸಲ್ಫಿರಾಂ, ನಾಲ್ಟ್ರೆಕ್ಸೋನ್ ಎಂಬ ಎರಡು ಮಾತ್ರೆಗಳ ಹೆಸರು ಹೇಳಿ, ಯೋಚಿಸಿ ಬನ್ನಿ ಎಂದರು. ನಾದಿನಿಯೋ, ಅವನಿಗೆ ಹೇಳದೆ ಬಂಗಡೆ ಸಾರಿನಲ್ಲಿ ಪುಡಿಮಾಡಿ ಹಾಕು ಎನ್ನುತ್ತಾಳೆ.

ಶಿರಸಿಯ ನಿವೃತ್ತ ಔಷಧಿ ವ್ಯಾಪಾರಿ:
ನಾದಿನಿಯ ಸಲಹೆಯನ್ನು ಮೊದಲು ಕಡಲಿಗೆ ಎಸೆಯಿರಿ. ಡೈಸಲ್ಫಿರಾಂ ತಿಂದವರು ಕುಡಿದರೆ ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮೈಯಲ್ಲೇ ಉಳಿದು ಮುಖ ಕೆಂಪೇರುತ್ತದೆ, ವಾಂತಿ, ಎದೆಬಡಿತ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆ ಭಯವೇ ಅದರ ಮದ್ದು. ತಿಂದದ್ದೇ ತಿಳಿಯದವನಿಗೆ ಭಯವೆಲ್ಲಿಯದು? ಕೊನೆಯ ಗುಟುಕಿನ ನಂತರ 12 ಗಂಟೆಯಾದರೂ ಕಳೆಯದೆ ಶುರು ಮಾಡುವಂತಿಲ್ಲ. ನಿಲ್ಲಿಸಿದ ಮೇಲೂ ಎರಡು ವಾರ ಹುಷಾರು. ಬಾಣಂತಿಗೆಂದು ತಂದಿಟ್ಟ ದಶಮೂಲಾರಿಷ್ಟದಲ್ಲೂ ಮದ್ಯಾಂಶವಿದೆ, ನೆನಪಿರಲಿ.

ನಾಲ್ಟ್ರೆಕ್ಸೋನ್ ಹೆದರಿಸುವುದಿಲ್ಲ, ಕುಡಿತದ ಸುಖವನ್ನು ಸಪ್ಪೆ ಮಾಡುತ್ತದೆ. ಆದರೆ ಬಲೆ ಎಳೆದ ಬೆನ್ನುನೋವಿಗೆ ಟ್ರಮಡಾಲ್ ನುಂಗುವ ರೂಢಿಯಿದ್ದರೆ ಅದರ ಜೊತೆ ನಾಲ್ಟ್ರೆಕ್ಸೋನ್ ಕೂಡದು.

ಮುಂಬೈಯ 100 ಗಂಡಸರ ಮೇಲಿನ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಡೈಸಲ್ಫಿರಾಂ ಗುಂಪಿನ ಶೇ. 86 ಮಂದಿ ಮತ್ತೆ ಕುಡಿತಕ್ಕೆ ಬಿದ್ದಿರಲಿಲ್ಲ; ನಾಲ್ಟ್ರೆಕ್ಸೋನ್ ಗುಂಪಿನಲ್ಲಿ ಶೇ. 44. ಅಂಕಿ ನೋಡಿ ಹಿಗ್ಗಬೇಡಿ, ಅಲ್ಲಿ ಮಾತ್ರೆಯ ಮೇಲೆ ಮನೆಯವರ ಕಣ್ಣಿತ್ತು. ನಿಷೇಧದ ಎರಡು ತಿಂಗಳು ನೀವಿದ್ದೀರಿ. ಆಗಸ್ಟ್‌ನಲ್ಲಿ ಬೋಟು ಹೊರಟ ಮೇಲೆ ಯಾರೆದುರು ನುಂಗುತ್ತಾರೆ? ವೈದ್ಯರ ಬಳಿ ಇದನ್ನೇ ಮೊದಲು ಎತ್ತಿ.

ಕಾರವಾರದ ದಾದಿ:
ಎರಡಕ್ಕೂ ಮೊದಲು ಯಕೃತ್ತಿನ ಪರೀಕ್ಷೆ ಆಗಲಿ. ಅದು ಕೆಟ್ಟಿದ್ದರೆ ಅಕಾಂಪ್ರೊಸೇಟ್ ಎಂಬ ಇನ್ನೊಂದು ಮಾತ್ರೆ ಇದೆ. ಮೂತ್ರಪಿಂಡ ಸರಿಯಿರಬೇಕು, ದಿನಕ್ಕೆ ಮೂರು ಹೊತ್ತು ನುಂಗಬೇಕು. ಕುಡಿತವನ್ನು ಒಮ್ಮೆಲೇ ನಿಲ್ಲಿಸಬೇಡಿ. ಹಿಂದೆ ಬಿಟ್ಟಾಗ ಕೈನಡುಕ, ಫಿಟ್ಸ್ ಬಂದಿತ್ತೇ?

ಬೈತಖೋಲದವಳು:
ಹೋದ ವರ್ಷ ಜ್ವರ ಬಂದು ಕುಡಿಯದೆ ಮಲಗಿದ್ದರು. ಮರುದಿನ ಫಿಟ್ಸ್ ಬಂತು. ಜ್ವರದಿಂದಲೇ ಎಂದುಕೊಂಡಿದ್ದೆವು.

ಕಾರವಾರದ ದಾದಿ:
ಹಾಗಾದರೆ ಮನೆಯಲ್ಲಿ ಬಿಡಿಸುವ ಯೋಚನೆ ಬಿಡಿ. ಮದ್ಯ ನಿಂತ ಮೊದಲೆರಡು ದಿನ ಫಿಟ್ಸ್, ಆಮೇಲೆ ಭ್ರಮೆ ಹಿಡಿಯುವ ಅಪಾಯವಿರುತ್ತದೆ. ಮೊದಲ ಕೆಲವು ದಿನ ದಾಖಲಾಗಲಿ. ಥಯಾಮಿನ್ (ವಿಟಮಿನ್ ಬಿ1), ನಡುಕದ ಔಷಧ ಅಲ್ಲೇ ಕೊಡುತ್ತಾರೆ. ಮಾತ್ರೆಯ ಆಯ್ಕೆ ಆಮೇಲೆ. ನಾಳೆಯೇ ವೈದ್ಯರಿಗೆ ಈ ಫಿಟ್ಸ್ ವಿಷಯ ತಿಳಿಸಿ. ರಾತ್ರಿ ಏನಾದರೂ ಕೇಳುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು; ಫಿಟ್ಸ್ ಬಂದರೆ ಮಾತ್ರ ನೇರ 108.