ಯಾರ್ಕ್ ಬರಲಿ, ಅಲ್ಲಿನ ನಿಯಮವೂ ಬರಲಿ

ವಾಶಿ ಕಾಕಾ: ಈ ಸುದ್ದಿ ಓದಿ ಎಲ್ಲರೂ. ನವಿ ಮುಂಬೈಗೆ ಐದು ವಿದೇಶಿ ವಿಶ್ವವಿದ್ಯಾಲಯ! ಬ್ರಿಟನ್‌ನ ಅಬರ್ಡೀನ್, ಯಾರ್ಕ್, ಮತ್ತೆ ವೆಸ್ಟರ್ನ್ ಆಸ್ಟ್ರೇಲಿಯಾ, ಅಮೆರಿಕದ ಇಲಿನಾಯ್ ಟೆಕ್, ಇಟಲಿಯ ಡಿಸೈನ್ ಸಂಸ್ಥೆ ಐಇಡಿ. 2025ರ ಜೂನ್‌ನಲ್ಲೇ ಲೆಟರ್ ಆಫ್ ಇಂಟೆಂಟ್, ಅಂದರೆ ಕ್ಯಾಂಪಸ್ ತೆರೆಯಲು ಆರಂಭಿಕ ಒಪ್ಪಿಗೆ ಪತ್ರ, ಸಿಕ್ಕಿದೆ. ನಮ್ಮ ಹೆಣ್ಣುಮಕ್ಕಳು ಇನ್ನು ಮನೆಯಿಂದ ಓಡಾಡಿಕೊಂಡೇ ಫಾರಿನ್ ಡಿಗ್ರಿ ಮಾಡಬಹುದು.

ನಾನು: ಖುಷಿಯ ಸುದ್ದಿಯೇ ಕಾಕಾ. ಆದರೆ ಶುಲ್ಕ ಎಷ್ಟು, ಸೀಟು ಯಾರಿಗೆ? 2023ರ ಯುಜಿಸಿ ನಿಯಮದಲ್ಲಿ ಇಂಥ ಕ್ಯಾಂಪಸ್‌ಗಳು ಎರಡನ್ನೂ ತಾವೇ ತೀರ್ಮಾನಿಸಬಹುದು.

ತಮ್ಮ: ಮಹಾರಾಷ್ಟ್ರದಲ್ಲಿ ಹುಡುಗಿಯರಿಗೆ ಫೀ ಮಾಫಿ ಇದೆಯಲ್ಲ ಅಕ್ಕಾ?

ನಾನು: ಇದೆ. 2024-25ರಿಂದ, ಮನೆಯ ಆದಾಯ 8 ಲಕ್ಷದ ಒಳಗಿದ್ದರೆ, ವೃತ್ತಿ ಕೋರ್ಸ್‌ಗಳಿಗೆ. ಆದರೆ ಅದು ಸರ್ಕಾರವೇ ಸೀಟು ಹಂಚುವ ಕ್ಯಾಪ್ ರೌಂಡ್‌ನಲ್ಲಿ ಸೀಟು ಸಿಕ್ಕವರಿಗೆ. ತಾವೇ ಪ್ರವೇಶ ಕೊಡುವ ಕಡೆ ಅದನ್ನು ನಂಬಿಕೊಂಡು ಕೂರೋಕಾಗಲ್ಲ.

ವಾಶಿ ಕಾಕಾ: ನೀನು ಎಲ್ಲದರಲ್ಲೂ ಹುಳುಕು ಹುಡುಕ್ತೀಯಾ. ಅವರಲ್ಲಿ ಹೆಣ್ಣು ಗಂಡು ಅನ್ನೋ ಭೇದ ಇಲ್ಲ. ಬಂದರೆ ಇಲ್ಲೂ ತಾನಾಗೇ ಸುಧಾರಿಸುತ್ತೆ.

ನಾನು: ಅಲ್ಲೂ ತಾನಾಗೇ ಆಗಲಿಲ್ಲ ಕಾಕಾ. ವಿಜ್ಞಾನದಲ್ಲಿ ಹೆಂಗಸರು ಹಿಂದೆ ಬೀಳಬಾರದು ಅಂತ ಬ್ರಿಟನ್‌ನಲ್ಲಿ 2005ರಲ್ಲಿ ಅಥೀನಾ ಸ್ವಾನ್ ಅನ್ನೋ ಮನ್ನಣೆ ಯೋಜನೆ ಶುರು ಮಾಡಿದರು. ಮನ್ನಣೆ ಬೇಕಾದವರು ಎಷ್ಟು ಹೆಂಗಸರಿದ್ದಾರೆ, ಎಷ್ಟು ಜನಕ್ಕೆ ಬಡ್ತಿ ಸಿಕ್ಕಿತು, ಲೆಕ್ಕ ಕೊಡಬೇಕು. ಕೊರತೆ ಇದ್ದರೆ ಸರಿಪಡಿಸಬೇಕು. 2007ರಲ್ಲಿ ಮೊದಲ ಚಿನ್ನದ ಮನ್ನಣೆ ಪಡೆದ ವಿಭಾಗ ಯಾವುದು ಗೊತ್ತಾ? ಇದೇ ಯಾರ್ಕ್‌ನ ಕೆಮಿಸ್ಟ್ರಿ. ಹೆಸರಿನ ಬೋರ್ಡಿನ ಜೊತೆ ಆ ಲೆಕ್ಕವೂ ಇಲ್ಲಿಗೆ ಬರಬೇಕು.

ಪುಣೆ ವೈನಿ: ನಿನ್ನ ಲಕೋಟೆ ವಿಷಯ ಹೇಳು ಇವರಿಗೆ.

ನಾನು: ಪುಣೆಯಲ್ಲಿ ಓದುವಾಗ ಜರ್ಮನಿಗೆ ಒಂದು ಸೆಮಿಸ್ಟರ್ ಹೋಗೋ ಅವಕಾಶ ಬಂದಿತ್ತು. ಇಬ್ಬರು ಹುಡುಗರು, ಮತ್ತೆ ನಾನು. ಅಪ್ಪನ ಒಪ್ಪಿಗೆ ಪತ್ರ ತರಬೇಕು ಅಂತ ನನಗೆ ಮಾತ್ರ ಹೇಳಿದರು. ನನಗಾಗ 22 ವರ್ಷ. ಅಪ್ಪ ಧಾರವಾಡದಲ್ಲಿ. ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ ಪತ್ರ ಕೊಟ್ಟು ಕಳಿಸಿದರು. ಬೆಳಗಿನ ಜಾವ ಐದಕ್ಕೆ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಚಳಿಯಲ್ಲಿ ನಿಂತು ಇಸ್ಕೊಂಡೆ. ಆ ಲಕೋಟೆ ಈಗಲೂ ನನ್ನ ಹತ್ರ ಇದೆ.

ವಾಶಿ ಕಾಕಾ: ಅಣ್ಣ ಒಂದು ಮಾತೂ ಹೇಳಲಿಲ್ಲ ನೋಡು. ಆದರೂ ಮೊದಲು ಬರಲಿ ಬಿಡು, ಆಮೇಲೆ ಕೇಳೋಣ.

ನಾನು: ಆ ಹೊತ್ತಿಗೆ ನಿಯಮ ಬರೆದಾಗಿರುತ್ತೆ ಕಾಕಾ. ಆ ವಿಶ್ವವಿದ್ಯಾಲಯಗಳಿಗೆ ಈಗಲೇ ಮೇಲ್ ಮಾಡ್ತೀನಿ. ದುಡ್ಡಿಲ್ಲದ ಮನೆಯ ಹುಡುಗಿಯರಿಗೆ ಎಷ್ಟು ಸ್ಕಾಲರ್‌ಶಿಪ್? ಹಾಸ್ಟೆಲ್ ಗೇಟು ಹುಡುಗರಿಗೂ ಹುಡುಗಿಯರಿಗೂ ಒಂದೇ ಹೊತ್ತಿಗೆ ಮುಚ್ಚುತ್ತಾ?

ಪುಣೆ ವೈನಿ: ಕೆಳಗೆ ನನ್ನ ಹೆಸರೂ ಹಾಕು.