ಪ್ರಾಜೆಕ್ಟ್ ಫೈಲುಗಳಿಗೆ ಯಾವ ಟರ್ಮಿನಲ್ ಟೂಲ್? ಬಳಸಿದವರ ಅನುಭವ

ಕೇಳಿದ್ದು: ಸಬ್ಲೈಮ್ ಟೆಕ್ಸ್ಟ್ ಎಂಬ ಕೋಡ್ ಎಡಿಟರಿನಲ್ಲಿ ನನ್ನ ಪ್ರಾಜೆಕ್ಟುಗಳು ನಲವತ್ತು ದಾಟಿವೆ. ಮೆನುವಿನಲ್ಲಿ ಹುಡುಕಿ ಹುಡುಕಿ ಸಾಕಾಗಿದೆ. ಟರ್ಮಿನಲ್‌ನಿಂದಲೇ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪ್ರಾಜೆಕ್ಟ್ ಫೈಲ್ (ಪ್ರಾಜೆಕ್ಟಿನ ಫೋಲ್ಡರುಗಳು, ಸೆಟ್ಟಿಂಗುಗಳನ್ನು ಬರೆದಿಡುವ ಫೈಲ್) ಮಾಡಿ, ಬೇಕಾದ್ದನ್ನು ಹುಡುಕಿ ತೆರೆಯುವ ಟೂಲ್ ಯಾರಾದರೂ ಬಳಸಿದ್ದೀರಾ?

ಉತ್ತರ 1: ಇಂಥ ಮೂರು ಟೂಲ್ ಬಳಸಿ ಬಿಟ್ಟಿದ್ದೇನೆ. ಯಾವುದನ್ನೇ ಆರಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಅದು ನಿಮ್ಮ ಫೈಲನ್ನು ಹುಡುಕಿ ತೆರೆಯುತ್ತದೆ ಅಷ್ಟೆಯೋ, ಇಲ್ಲ ಒಳಗೆ ಕೈಹಾಕಿ ತಿದ್ದುತ್ತದೆಯೋ? ಸಬ್ಲೈಮ್‌ನ ಪ್ರಾಜೆಕ್ಟ್ ಫೈಲ್ ನೋಡಲು ಜೇಸನ್, ಅಂದರೆ ಡೇಟಾ ಬರೆದಿಡುವ ಒಂದು ಪಠ್ಯ ರೂಪ. ಆದರೆ ಅದರಲ್ಲಿ ಕಾಮೆಂಟ್ ಬರೆಯಬಹುದು, ಪಟ್ಟಿಯ ಕೊನೆಯಲ್ಲೊಂದು ಕಾಮಾ ಉಳಿದರೂ ಎಡಿಟರ್ ತಕರಾರು ಮಾಡುವುದಿಲ್ಲ. ಜೇಸನ್ ಓದುವ ಟರ್ಮಿನಲ್ ಟೂಲ್ ಜೆಕ್ಯೂ ಅಂಥದ್ದನ್ನು ಓದುವುದೇ ಇಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ನಾನು ಬಳಸುತ್ತಿದ್ದ ಒಂದು ಸ್ಕ್ರಿಪ್ಟ್ ಓದುತ್ತಿತ್ತು, ಆದರೆ ಒಂದು ಫೋಲ್ಡರ್ ಸೇರಿಸು ಅಂದರೆ ಇಡೀ ಫೈಲನ್ನೇ ಹೊಸದಾಗಿ ಬರೆಯಿತು. ಬಿಲ್ಡ್ ಸಿಸ್ಟಮ್ (ಕೋಡನ್ನು ಕಟ್ಟಿ ಓಡಿಸುವ ಕಮಾಂಡಿನ ಸೆಟ್ಟಿಂಗ್) ಪಕ್ಕದಲ್ಲಿ ಯಾವ ಫ್ಲ್ಯಾಗ್ (ಕಮಾಂಡಿನ ಆಯ್ಕೆ) ಏಕೆ ಹಾಕಿದ್ದೆ ಎಂದು ಬರೆದಿಟ್ಟಿದ್ದ ಕಾಮೆಂಟುಗಳೆಲ್ಲ ಮಾಯ. ಫೈಲುಗಳ ಹಳೆಯ ಆವೃತ್ತಿ ಉಳಿಸಿಡುವ ಗಿಟ್‌ನಲ್ಲೂ ಇರಲಿಲ್ಲ. ಅವತ್ತಿನಿಂದ ತಿದ್ದುವ ಕೆಲಸವನ್ನು ಯಾವ ಟೂಲ್‌ಗೂ ಕೊಟ್ಟಿಲ್ಲ.

ಇನ್ನೊಂದು ಪೆಟ್ಟು ತಿಂದದ್ದು ಪಾತ್ (ಫೋಲ್ಡರ್ ಇರುವ ವಿಳಾಸ) ವಿಷಯದಲ್ಲಿ. ಎಲ್ಲ ಪ್ರಾಜೆಕ್ಟ್ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿ ಗುಡ್ಡೆ ಹಾಕಿ, ಒಳಗೆ ಪೂರ್ತಿ ಪಾತ್ ಬರೆದಿದ್ದೆ. ಕೋಡನ್ನು ಬೇರೆ ಡಿಸ್ಕಿಗೆ ಸಾಗಿಸಿದ ದಿನ ಯಾವ ಪ್ರಾಜೆಕ್ಟ್ ತೆರೆದರೂ ಸೈಡ್‌ಬಾರ್ ಖಾಲಿ. ಈಗ ಆಯಾ ಪ್ರಾಜೆಕ್ಟಿನ ಫೈಲ್ ಅದರ ಫೋಲ್ಡರಿನಲ್ಲೇ ಇರುತ್ತದೆ, ಪಾತ್ ಜಾಗದಲ್ಲಿ ಬರೀ ಒಂದು ಚುಕ್ಕೆ. ಸಬ್ಲೈಮ್ ಅದನ್ನು ಪ್ರಾಜೆಕ್ಟ್ ಫೈಲ್ ಇರುವ ಜಾಗದಿಂದಲೇ ಲೆಕ್ಕ ಹಾಕುತ್ತದೆ, ಹಾಗಾಗಿ ಫೋಲ್ಡರ್ ಎಲ್ಲಿಗೆ ಹೋದರೂ ತೊಂದರೆಯಿಲ್ಲ.

ತೆರೆಯುವುದಕ್ಕೆ ನನ್ನ ಬಳಿ ಇರುವುದು ನಾಲ್ಕು ಸಾಲಿನ ಶೆಲ್ ಫಂಕ್ಷನ್ (ಟರ್ಮಿನಲ್ ಕಮಾಂಡುಗಳ ಪುಟ್ಟ ಕಟ್ಟು). ಫೈಂಡ್ ಎಂಬ ಕಮಾಂಡ್ ಪ್ರಾಜೆಕ್ಟ್ ಫೈಲುಗಳನ್ನು ಹುಡುಕಿ ಕೊಡುತ್ತದೆ, ಎಫ್‌ಝಡ್‌ಎಫ್ ಎಂಬ ಹುಡುಕುವ ಟೂಲ್ ಪಟ್ಟಿ ತೋರಿಸುತ್ತದೆ, ಹೆಸರಿನ ಎರಡು ಮೂರು ಅಕ್ಷರ ಒತ್ತಿ ಎಂಟರ್ ಹೊಡೆದರೆ ಸಬ್ಲೈಮ್‌ನ ಕಮಾಂಡ್ ‘ಸಬ್ಲ್ --ಪ್ರಾಜೆಕ್ಟ್’ ಅದನ್ನು ತೆರೆಯುತ್ತದೆ. ಫೈಂಡ್‌ಗೆ ಮ್ಯಾಕ್ಸ್‌ಡೆಪ್ತ್ 3 (ಮೂರು ಹಂತಕ್ಕಿಂತ ಆಳಕ್ಕೆ ಇಳಿಯಬೇಡ) ಎಂದು ಮಿತಿ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನೋಡ್ ಮಾಡ್ಯೂಲ್ಸ್‌ನಂಥ ಭಾರೀ ಲೈಬ್ರರಿ ಫೋಲ್ಡರುಗಳ ಒಳಗೆಲ್ಲ ಇಳಿದು ನಿಮ್ಮನ್ನು ಕಾಯಿಸುತ್ತದೆ. ಪ್ರಾಜೆಕ್ಟ್ ಫೈಲನ್ನು ಗಿಟ್‌ಗೆ ಹಾಕಿ, ಪಕ್ಕದಲ್ಲೇ ಹುಟ್ಟುವ ವರ್ಕ್‌ಸ್ಪೇಸ್ ಫೈಲನ್ನು ಮಾತ್ರ ಹಾಕಲೇಬೇಡಿ. ಅದರಲ್ಲಿ ಇರುವುದು ನೀವು ತೆರೆದಿಟ್ಟ ಟ್ಯಾಬುಗಳಂಥ ನಿಮ್ಮ ಸ್ವಂತ ವಿವರ.

ಉತ್ತರ 2: ಮೇಲಿನವರು ಹೇಳಿದ ಉಪಾಯ ವಿಎಸ್ ಕೋಡ್ ಎಡಿಟರಿಗೂ ನಡೆಯುತ್ತದೆ, ನಾನು ಹಾಗೇ ಮಾಡಿಕೊಂಡಿದ್ದೇನೆ. ಅದರ ಪ್ರಾಜೆಕ್ಟ್ ಫೈಲಾದ ಕೋಡ್-ವರ್ಕ್‌ಸ್ಪೇಸ್ ಫೈಲಿನ ಹೆಸರನ್ನು ‘ಕೋಡ್’ ಕಮಾಂಡಿಗೆ ಕೊಟ್ಟರೆ ಸಾಕು. ಅಲ್ಲೂ ಕಾಮೆಂಟ್ ಬರೆಯಬಹುದು, ಆದ್ದರಿಂದ ಜೆಕ್ಯೂ ಎಚ್ಚರಿಕೆ ಅಲ್ಲಿಗೂ ಅನ್ವಯ. ಹೆಸರಿನ ಗೊಂದಲ ಒಂದಿದೆ: ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಎಂದರೆ ಹಂಚಿಕೊಳ್ಳಬಹುದಾದ ಫೈಲ್, ಸಬ್ಲೈಮ್‌ನದಕ್ಕೆ ತದ್ವಿರುದ್ಧ.

ಉತ್ತರ 3: ವಿಮ್ ಎಡಿಟರ್ ಬಳಸುವವರೂ ಇದನ್ನು ಓದುತ್ತಿದ್ದರೆ, ಸೆಷನ್ ಅನ್ನು (ತೆರೆದಿಟ್ಟ ಫೈಲುಗಳ ಸ್ಥಿತಿ) ಎಂಕೆಸೆಷನ್ ಕಮಾಂಡಿನಿಂದ ಉಳಿಸಿ ‘ವಿಮ್ -ಎಸ್’ನಿಂದ (ದೊಡ್ಡಕ್ಷರದ ಎಸ್) ತೆರೆದರೆ ಇದೇ ಅನುಕೂಲ ಸಿಗುತ್ತದೆ. ಆದರೆ ಸೆಷನ್‌ನಲ್ಲಿ ಏನೇನು ಉಳಿಸಬೇಕೆಂದು ಹೇಳುವ ಸೆಷನ್‌ಆಪ್ಷನ್ಸ್ ಸೆಟ್ಟಿಂಗ್‌ನಿಂದ ‘ಆಪ್ಷನ್ಸ್’ ತೆಗೆದುಹಾಕಿ. ವಿಮ್‌ನಲ್ಲಿ ಅದು ಮೊದಲೇ ಸೇರಿರುತ್ತದೆ, ನಿಮ್ಮ ಕೀ ಮ್ಯಾಪಿಂಗುಗಳನ್ನೂ (ಯಾವ ಕೀ ಏನು ಮಾಡಬೇಕೆಂಬ ಸೆಟ್ಟಿಂಗ್) ಸೆಷನ್ ಫೈಲಿಗೆ ಬರೆಯುತ್ತದೆ. ವಿಮ್‌ನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿ ತಿದ್ದಿದರೂ ಹಳೆಯ ಮ್ಯಾಪಿಂಗ್ ಮತ್ತೆ ಮತ್ತೆ ಬರುತ್ತಿದ್ದದ್ದು ಇದರಿಂದಲೇ ಎಂದು ಕಂಡುಹಿಡಿಯಲು ನನಗೆ ಎರಡು ಸಂಜೆ ಬೇಕಾಯಿತು.