ವಯಸ್ಸಾದ ತಂದೆತಾಯಿಯೊಂದಿಗೆ ಅಂಡಮಾನ್ ಪ್ರವಾಸ: ಐದು ರಾತ್ರಿಗಳಲ್ಲಿ ಯಾವುದನ್ನು ಬಿಡಬೇಕು?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ, ಡಿಸೆಂಬರ್ ತಿಂಗಳಲ್ಲಿ, ಅಪ್ಪ ಅವ್ವನನ್ನು ಅಂಡಮಾನಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಅಪ್ಪನಿಗೆ 71, ಅವ್ವನಿಗೆ 66. ಅವ್ವನಿಗೆ ಮಂಡಿನೋವಿರುವುದರಿಂದ ಮೆಟ್ಟಿಲು ಹತ್ತುವಾಗ ಯಾರಾದರೂ ಕೈಹಿಡಿಯಬೇಕು. ಇಬ್ಬರೂ ಸಮುದ್ರ ಕಂಡಿರುವುದು ಒಮ್ಮೆ ಮಾತ್ರ, ಮುರುಡೇಶ್ವರದಲ್ಲಿ, ಅದೂ ದರ್ಶನ ಮುಗಿಸಿ ಬಸ್ಸಿಗೆ ಓಡುವ ಅವಸರದಲ್ಲಿ. ಪ್ರವಾಸ ಸಂಸ್ಥೆಯೊಂದು ಕೊಟ್ಟಿರುವ ಐದು ರಾತ್ರಿಗಳ ಯೋಜನೆಯಲ್ಲಿ ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪ, ಶಹೀದ್ ದ್ವೀಪ, ರಾಸ್, ನಾರ್ತ್ ಬೇ, ಬಾರಾಟಾಂಗ್ ಎಲ್ಲವೂ ಇವೆ. ಇಷ್ಟನ್ನೂ ಇವರಿಂದ ನೋಡಲು ಆದೀತೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗ)

ನಾವು ಅತ್ತೆ ಮಾವನವರೊಂದಿಗೆ ಹೋಗಿ ಬಂದವರು. ಮೊದಲು ಬಾರಾಟಾಂಗನ್ನು ಬಿಡಿ. ಬೆಳಗಿನ ಜಾವ ನಾಲ್ಕಕ್ಕೂ ಮೊದಲೇ ಹೊರಟು, ಚೆಕ್‌ಪೋಸ್ಟಿನಲ್ಲಿ ವಾಹನಗಳ ಸಾಲಿನಲ್ಲಿ ಕಾದು, ಕಾಡಿನ ರಸ್ತೆ, ದೋಣಿ, ಮತ್ತೆ ಸುಣ್ಣದಕಲ್ಲಿನ ಗುಹೆಯವರೆಗಿನ ನಡಿಗೆ, ಇವೆಲ್ಲ ಮಂಡಿನೋವಿನವರಿಗೆ ಶಿಕ್ಷೆಯೇ ಸರಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ರಸ್ತೆ ಅಂಡಮಾನಿನ ಆದಿವಾಸಿಗಳಾದ ಜಾರವಾ ಜನರ ಮೀಸಲು ಪ್ರದೇಶದ ನಡುವೆ ಹಾದುಹೋಗುತ್ತದೆ. ಆ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಆದೇಶಿಸಿತ್ತು. ಅವರ ಮನೆಯಂಗಳದ ಮೂಲಕ ನಾವು ವಿಹಾರಕ್ಕೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಎರಡನೆಯದು ಹೊತ್ತಿನ ಲೆಕ್ಕ. ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆಗಿರುವುದರಿಂದ, ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ನಾಲ್ಕು ಗಂಟೆಗೆ ಚಹಾ ಕುಡಿದು ಹೊರಟರೆ ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ.

ಮೂರನೆಯದನ್ನು ನಾವು ಹಣ ತೆತ್ತು ಕಲಿತೆವು. ವಿಮಾನದ ಹಿಂದಿನ ರಾತ್ರಿ ಸ್ವರಾಜ್ ದ್ವೀಪದಲ್ಲಿಯೇ ಉಳಿದಿದ್ದೆವು. ಬೆಳಿಗ್ಗೆ ಗಾಳಿ ಜೋರಾಗಿ ಹಡಗುಗಳೆಲ್ಲ ರದ್ದಾದವು. ಮಾವನವರು ಪೆಟ್ಟಿಗೆಯ ಮೇಲೆ ಕುಳಿತು ಸಮುದ್ರವನ್ನೇ ನೋಡುತ್ತಿದ್ದರು, ನಮ್ಮ ವಿಮಾನ ಹೊರಟುಹೋಯಿತು. ಆದ್ದರಿಂದ ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಡುವೆ ಮೂರು ರಾತ್ರಿ ಸ್ವರಾಜ್ ದ್ವೀಪ, ಕೊನೆಯ ರಾತ್ರಿ ಕಡ್ಡಾಯವಾಗಿ ಮತ್ತೆ ಪೋರ್ಟ್ ಬ್ಲೇರ್ ಇಟ್ಟುಕೊಳ್ಳಿ. ಅಂದಹಾಗೆ, ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರಾಗಿದೆ. ಟಿಕೆಟ್ಟಿನಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ.

ಉತ್ತರ 2 (ದಾವಣಗೆರೆ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಪೋರ್ಟ್ ಬ್ಲೇರ್‌ನಲ್ಲಿ ಬ್ರಿಟಿಷರು ಕಟ್ಟಿಸಿದ ಸೆಲ್ಯುಲರ್ ಜೈಲಿಗೆ ಒಂದು ಗಂಟೆಯಲ್ಲ, ಅರ್ಧ ದಿನ ಕೊಡಿ. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಆ ಕಟ್ಟಡಕ್ಕೆ ಗಾಡಿಯ ಚಕ್ರದ ಅರಗಳಂತೆ ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಮುಖಮಾಡಿವೆ, ಒಬ್ಬ ಕೈದಿ ಇನ್ನೊಬ್ಬನ ಮುಖವನ್ನೂ ಕಾಣಬಾರದೆಂದು. ಅಲ್ಲಿ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದ ಗಾಣವನ್ನೂ ತೋರಿಸುತ್ತಾರೆ. ಎತ್ತು ಕಟ್ಟಿದ ಗಾಣವನ್ನು ಚಿಕ್ಕಂದಿನಲ್ಲಿ ಕಂಡಿದ್ದ ನನ್ನ ತಂದೆಯವರು ಅದರ ನೊಗದ ಮರದ ಮೇಲೆ ಕೈಯಿಟ್ಟು, ಇದು ಎತ್ತಿನ ಎತ್ತರಕ್ಕಿಲ್ಲವಲ್ಲ, ಮನುಷ್ಯನ ಎದೆಯ ಎತ್ತರಕ್ಕಿದೆ ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ನಿಂತರು. ನಿಮ್ಮ ತಂದೆಯವರೂ ಅದನ್ನು ನೋಡಬೇಕು. ಮಹಡಿಯ ಮೆಟ್ಟಿಲು ಹತ್ತಲಾಗದಿದ್ದರೆ ತಾಯಿಯವರು ಅಂಗಳದಲ್ಲಿ ಕುಳಿತಿರಬಹುದು.

ಉತ್ತರ 3 (ಹರಿಹರ)

ಶಹೀದ್ ದ್ವೀಪದಲ್ಲಿ ಇಳಿತದ ಹೊತ್ತಿಗೆ ಹವಳದ ಬಂಡೆಗಳ ಮೇಲೆ ನಡೆಯಬೇಕಾಗುತ್ತದೆ, ಜಾರುತ್ತದೆ, ಅವ್ವನವರಿಗೆ ಬೇಡ. ಹವಳ ಕಾಣಲು ಗಾಜಿನ ತಳದ ದೋಣಿ ಸಾಕು. ಹಡಗು ಹತ್ತುವ ಅರ್ಧ ಗಂಟೆ ಮೊದಲು ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಕೊಡಿ. ಮರಳಲ್ಲಿ ಸಿಕ್ಕ ಚಿಪ್ಪು, ಹವಳದ ಚೂರುಗಳನ್ನು ಚೀಲಕ್ಕೆ ಹಾಕಿಕೊಳ್ಳಬಾರದು, ಅದು ಕಾನೂನಿನಲ್ಲಿ ನಿಷಿದ್ಧ. ನಮ್ಮ ಮಗಳು ಎತ್ತಿಕೊಂಡ ಚಿಪ್ಪೊಂದು ಅಂಗೈ ಮೇಲೆಯೇ ಕಾಲು ಹೊರಚಾಚಿ ನಡೆಯತೊಡಗಿತು. ಅದರೊಳಗೆ ಏಡಿಯೊಂದು ಮನೆಮಾಡಿಕೊಂಡಿತ್ತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಬಾರಾಟಾಂಗ್, ಶಹೀದ್ ದ್ವೀಪ, ನಾರ್ತ್ ಬೇ ಮೂರನ್ನೂ ಕೈಬಿಟ್ಟು, ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರ್‌ಗೆ ಬದಲಿಸಲು ಸಂಸ್ಥೆಯವರಿಗೆ ತಿಳಿಸಿದ್ದೇನೆ. ಗಾಣದ ಸಂಗತಿಯನ್ನು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಜೈಲಿಗೆ ಮೊದಲ ದಿನವೇ ಹೋಗೋಣ ಎಂದರು. ಅವ್ವ ಕೇಳಿದ್ದು ಒಂದೇ ಮಾತು: ರಾಧಾನಗರದಲ್ಲಿ ಬಸ್ಸಿಗೆ ಓಡುವ ಅವಸರ ಇರುವುದಿಲ್ಲ ತಾನೆ?